ಪದ್ಯ ಪರದೆಯ ಮೇಲೆ, ಅರ್ಥ ಬಾಯಿಯಲ್ಲಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಪರೀಕ್ಷೆಗಳು ಎರಡು. ಒಂದು ತರಗತಿಯ ಮುಂದೆ ನಿಂತು ಕೊಡುವ ಸೆಮಿನಾರ್, ಇನ್ನೊಂದು ಬೆಂಗಳೂರಿನ ಕಂಪನಿ ದರ್ಶನ. ಈ ಎರಡಕ್ಕೂ ಬೇಕಾದ ಸಿದ್ಧತೆ ಮನೆಯ ಸುತ್ತಮುತ್ತಲೇ ಇದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ತಾಲ್ಲೂಕನ್ನು ಹಾದು ಬರುತ್ತಾಳೆ. ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಕಡಲಿನಂತೆ ಹರಡಿ ನಿಲ್ಲುತ್ತಾಳೆ. ಆಮೇಲೆ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ ಹೊನ್ನಾವರದ ಕಡೆ ಹೊರಡುತ್ತಾಳೆ. ಮೂರು ತಾಲ್ಲೂಕುಗಳನ್ನು ಕಟ್ಟಿಹಾಕಿರುವ ಹಗ್ಗವೆಂದರೆ ಈ ಹೊಳೆಯೇ. ಅಡಿಕೆ ತೋಟ, ಗದ್ದೆ, ಬೆಟ್ಟದ ಸೊಪ್ಪು, ಬಿಡದ ಮಳೆ, ರಾತ್ರಿಯಿಡೀ ಆಟ, ಬೆಳಿಗ್ಗೆ ಕಾಫಿ. ಹೊರಗಿನವರಿಗೆ ಈ ಸೀಮೆಯ ಪರಿಚಯ ಇಷ್ಟು. ಈಗ ಇನ್ನೊಂದು ಪರಿಚಯವೂ ಸೇರಿಕೊಂಡಿದೆ. ಇಲ್ಲಿನ ಯಾವ ಕೇರಿಗೆ ಹೋದರೂ 'ನಮ್ಮ ಮಗ ಸಾಫ್ಟ್‌ವೇರು', 'ನಮ್ಮ ಮಗಳು ಬಿಸಿಎ ಓದ್ತಿದಾಳೆ' ಎನ್ನುವ ಮನೆಯೊಂದು ಸಿಕ್ಕೇ ಸಿಗುತ್ತದೆ.

ಓದು ಎಂದ ಮೇಲೆ ಪರೀಕ್ಷೆ ಇದ್ದದ್ದೇ. ಮಲೆನಾಡಿನ ಮಕ್ಕಳು ಪರೀಕ್ಷೆಗೆ ಹೆದರುವವರಲ್ಲ. ಆದರೆ ತರಗತಿಯ ಎದುರು ನಿಂತು ಹತ್ತು ನಿಮಿಷ ಮಾತಾಡಿ ಎಂದರೆ, ತೊಂಬತ್ತು ಅಂಕ ತೆಗೆದವರ ಬಾಯೂ ಒಣಗುತ್ತದೆ. ಕಂಪನಿ ನೋಡಲು ಬೆಂಗಳೂರಿಗೆ ಹೊರಟರೆ ಗಾಜಿನ ಕಟ್ಟಡದ ಎದುರು ಫೋಟೊ ತೆಗೆಸಿಕೊಂಡು ಬರುವುದೇ ದೊಡ್ಡ ಸಾಧನೆಯಾಗುತ್ತದೆ. ಮುಂದೆ ಕ್ಯಾಂಪಸ್ ಸಂದರ್ಶನ ಬಂದಾಗ ನಡೆಯುವುದು ಇವೇ ಎರಡರ ಪರೀಕ್ಷೆ. ಗೊತ್ತಿದ್ದುದನ್ನು ಹೇಳಲು ಬರುತ್ತದೆಯೇ? ಕಂಡದ್ದನ್ನು ಕೇಳಿ ತಿಳಿಯಲು ಬರುತ್ತದೆಯೇ? ಮೂರು ವರ್ಷದ ಫೀಸು, ಪೇಟೆಯ ರೂಮಿನ ಬಾಡಿಗೆ, ಸೊಸೈಟಿಯ ಸಾಲ ಎಲ್ಲದರ ಭಾರವೂ ಕೊನೆಗೆ ಆ ಅರ್ಧ ಗಂಟೆಯ ಮೇಲೆ ಬೀಳುತ್ತದೆ.

ಶರಾವತಿಯನ್ನು ಕೆಳಗಿನಿಂದ ಮೇಲಕ್ಕೆ, ಸಾಗರದಿಂದ ತೀರ್ಥಹಳ್ಳಿಯ ಕಡೆಗೆ ಅನುಸರಿಸುತ್ತ ಹೋದರೆ ಈ ಪರೀಕ್ಷೆಗೆ ಬೇಕಾದ ಪಾಠಗಳು ದಾರಿಯುದ್ದಕ್ಕೂ ಸಿಗುತ್ತವೆ.

ಹಿನ್ನೀರಿನ ಆಚೆಯಿಂದ

ಬೆಳಿಗ್ಗೆ ಸಾಗರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಇಡೀ ತಾಲ್ಲೂಕು ಕಣ್ಣೆದುರು ಇಳಿಯುತ್ತದೆ. ತಾಳಗುಪ್ಪ, ಆನಂದಪುರ, ಹೆಗ್ಗೋಡು, ಆವಿನಹಳ್ಳಿ ಕಡೆಯ ಬಸ್ಸುಗಳಿಂದ ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ ಹಿಡಿದ ಹುಡುಗ ಹುಡುಗಿಯರು ಇಳಿಯುತ್ತಾರೆ. ಚೀಲದೊಳಗಿನ ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಕವರು ಸುತ್ತಿರುತ್ತದೆ. ಮಳೆಗಾಲದಲ್ಲಿ ತಮಗಿಂತ ಮೊದಲು ಅದನ್ನು ಕಾಪಾಡಬೇಕು.

ಇವರಲ್ಲಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಮಕ್ಕಳ ಪಾಡು ಬೇರೆಯೇ ಇತ್ತು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಎದ್ದು ನಿಂತ ಮೇಲೆ ಅವರ ಊರುಗಳಿಗೂ ಸಾಗರ ಪೇಟೆಗೂ ನಡುವೆ ನೀರು ಬಂದು ಕೂತಿತು. ಹೊಳೆಬಾಗಿಲಿನ ಲಾಂಚೇ ಅವರ ಸೇತುವೆ. ಲಾಂಚು ತಪ್ಪಿದರೆ ತರಗತಿ ತಪ್ಪಿತು. ಸಂಜೆ ಕೊನೆಯ ಲಾಂಚು ತಪ್ಪಿದರೆ ಮನೆಯೇ ತಪ್ಪಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಂದರೆ ಅಣೆಕಟ್ಟೆ ಕಟ್ಟಿ ಅರವತ್ತೊಂದು ವರ್ಷಗಳ ಮೇಲೆ. ಅಷ್ಟು ವರ್ಷ ಲಾಂಚಿನ ಗಡಿಯಾರ ನೋಡಿಕೊಂಡೇ ಓದಿದ ಮಕ್ಕಳು ಸಮಯಕ್ಕೆ ಬೆಲೆ ಕೊಡುವುದನ್ನು ಯಾವ ಕಂಪನಿಯಿಂದಲೂ ಕಲಿಯಬೇಕಾಗಿಲ್ಲ.

ಇಂಥ ಹುಡುಗಿಯೊಬ್ಬಳಿಗೆ ಸೆಮಿನಾರಿನ ಸರದಿ ಬರುತ್ತದೆ. ವಿಷಯ 'ಕ್ಲೌಡ್ ಕಂಪ್ಯೂಟಿಂಗ್'. ಗೂಗಲ್‌ನಲ್ಲಿ ಹುಡುಕಿದರೆ ಸಿದ್ಧ ಸ್ಲೈಡುಗಳು ಬೇಕಾದಷ್ಟು ಸಿಗುತ್ತವೆ. ಯಾವುದೋ ಊರಿನ ಯಾರೋ ಮಾಡಿದ ಇಪ್ಪತ್ತು ಸ್ಲೈಡುಗಳ ಮೊದಲ ಪುಟಕ್ಕೆ ತನ್ನ ಹೆಸರು, ರೋಲ್ ನಂಬರು ಸೇರಿಸಿದರೆ ಕೆಲಸ ಮುಗಿಯಿತು. ಮರುದಿನ ಪ್ರೊಜೆಕ್ಟರ್ ಹಚ್ಚುತ್ತಾರೆ. ಕರೆಂಟು ಇದ್ದರೆ ಅದು ಹತ್ತುತ್ತದೆ. ಹುಡುಗಿ ತರಗತಿಗೆ ಬೆನ್ನು ಹಾಕಿ ಪರದೆಯ ಮೇಲಿನ ಇಂಗ್ಲಿಷ್ ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಓದುತ್ತಾಳೆ. ಕೊನೆಯ ಸ್ಲೈಡಿನಲ್ಲಿ 'ಥ್ಯಾಂಕ್ಯೂ', ಅದರ ಪಕ್ಕ ಒಂದು ಗುಲಾಬಿ ಹೂವು. ಚಪ್ಪಾಳೆ. ಯಾರೂ ಪ್ರಶ್ನೆ ಕೇಳುವುದಿಲ್ಲ. ಇವತ್ತು ಕೇಳಿದರೆ ನಾಳೆ ತಮ್ಮ ಸರದಿಯಲ್ಲಿ ಅವಳು ಕೇಳುತ್ತಾಳಲ್ಲ!

ಇದು ಒಂದು ಕಾಲೇಜಿನ ಕಥೆಯಲ್ಲ, ನಾಡಿನ ಬಹುಪಾಲು ತರಗತಿಗಳ ಕಥೆ. ಆದರೆ ಸಾಗರದ ಸೀಮೆಯಲ್ಲಿ ಇದು ನಡೆಯುವುದು ಸ್ವಲ್ಪ ಹೆಚ್ಚೇ ಆಶ್ಚರ್ಯ. ಏಕೆಂದರೆ ಎದುರು ಕುಳಿತವರ ಮುಂದೆ ಬರೆದಿಟ್ಟುಕೊಳ್ಳದೆ ಮಾತಾಡುವ ವಿದ್ಯೆಯನ್ನು ಇಷ್ಟು ಚೆನ್ನಾಗಿ ಬೆಳೆಸಿದ ಸೀಮೆಗಳು ವಿರಳ.

ಭಾಗವತರು ಹಾಡಿದ ಮೇಲೆ

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ದೇವಸ್ಥಾನದ ಪೌಳಿಯಲ್ಲೋ ಮನೆಯ ಜಗಲಿಯಲ್ಲೋ ತಾಳಮದ್ದಲೆ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವೂ ಇಲ್ಲ. ಭಾಗವತರು ನಾಲ್ಕು ಸಾಲಿನ ಒಂದು ಪದ್ಯ ಹಾಡುತ್ತಾರೆ. ಅದು ಮುಗಿಯುತ್ತಲೇ ಅರ್ಥಧಾರಿ ಮಾತು ಆರಂಭಿಸುತ್ತಾನೆ. ಪದ್ಯ ಎಲ್ಲರಿಗೂ ಗೊತ್ತಿರುವುದೇ. ಅದನ್ನೇ ತಿರುಗಿ ಹೇಳಿದರೆ ಯಾರೂ ಕೇಳುವುದಿಲ್ಲ. ಪದ್ಯದಲ್ಲಿ ಅಡಗಿದ್ದನ್ನು ಬಿಡಿಸಬೇಕು, ಉದಾಹರಣೆ ಕೊಡಬೇಕು, ಎದುರಿಗೆ ಕುಳಿತ ಅರ್ಥಧಾರಿಯ ಪ್ರಶ್ನೆಗೆ ಅಲ್ಲೇ ಉತ್ತರ ಹುಡುಕಬೇಕು. 'ವಾಲಿವಧೆ'ಯಲ್ಲಿ ವಾಲಿ ಕೇಳುವ ಪ್ರಶ್ನೆಗಳಿಗೆ ರಾಮನ ಪಾತ್ರಧಾರಿ ತಡವರಿಸಿದರೆ ಪುರಾಣದಲ್ಲಿ ಗೆದ್ದ ರಾಮ ಜಗಲಿಯಲ್ಲಿ ಸೋಲುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೇಳಲು ಜನ ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬರುತ್ತಿದ್ದುದು ಈ ಬಿಸಿ ವಾದಕ್ಕಾಗಿಯೇ.

ಸೆಮಿನಾರೂ ಇಷ್ಟೇ. ಸ್ಲೈಡು ಎಂಬುದು ಪದ್ಯ. ಅದು ನಾಲ್ಕು ಸಾಲು ಮೀರಬಾರದು. ಅರ್ಥ ಹೇಳಬೇಕಾದವರು ನಿಂತಿರುವವರು. ಪದ್ಯವನ್ನೇ ಓದಿ ಕುಳಿತರೆ ಅರ್ಥಧಾರಿ ಯಾಕೆ ಬೇಕು, ಭಾಗವತರೇ ಸಾಕಲ್ಲ! 'ಕ್ಲೌಡ್' ಎಂದರೇನೆಂದು ಹೇಳಲು ಹುಡುಗಿಗೆ ಅಮೆರಿಕದ ಉದಾಹರಣೆ ಬೇಕಾಗಿಲ್ಲ. ಹತ್ತು ಮನೆಯವರು ಸೇರಿ ಒಂದೇ ಅಡಿಕೆ ಸುಲಿಯುವ ಯಂತ್ರವನ್ನು ಬಾಡಿಗೆಗೆ ತರಿಸಿಕೊಳ್ಳುವುದಿಲ್ಲವೇ? ಯಂತ್ರ ಯಾರದೋ, ಇರುವುದು ಎಲ್ಲೋ. ಬಳಸಿದಷ್ಟು ಹೊತ್ತಿಗೆ ಹಣ. ಬೇರೆಯವರ ಕಂಪ್ಯೂಟರನ್ನು ಬಳಸಿದಷ್ಟಕ್ಕೆ ಬಾಡಿಗೆ ಕೊಡುವ ವ್ಯವಸ್ಥೆಯೇ ಕ್ಲೌಡು. ಇಷ್ಟು ಹೇಳಿದರೆ ಹಿಂದಿನ ಬೆಂಚಿನವನೂ ತಲೆ ಎತ್ತುತ್ತಾನೆ. ಆಮೇಲೆ ಅವನೇ ಕೇಳುತ್ತಾನೆ: 'ಕೊಯ್ಲಿನ ಹೊತ್ತಿಗೆ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕಾದರೆ?' ಅದೇ ನಿಜವಾದ ಪ್ರಶ್ನೆ. ದೊಡ್ಡ ದೊಡ್ಡ ಕಂಪನಿಗಳ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದೂ ಇದಕ್ಕೇ.

ಸಾಗರದಿಂದ ಕೆಲವೇ ಕಿಲೋಮೀಟರ್ ದೂರದ ಹೆಗ್ಗೋಡಿನಲ್ಲಿ ಇನ್ನೊಂದು ಪಾಠಶಾಲೆಯಿದೆ. 1949ರಲ್ಲಿ ಆರಂಭವಾದ ನೀನಾಸಮ್, 1980ರಿಂದ ರಂಗಶಿಕ್ಷಣ ಕೇಂದ್ರವನ್ನೂ 1985ರಿಂದ 'ತಿರುಗಾಟ'ವನ್ನೂ ನಡೆಸಿಕೊಂಡು ಬಂದಿದೆ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅಡಿಕೆ ತೋಟದ ನಡುವಿನ ಈ ಹಳ್ಳಿಯ ಹೆಸರು ಹೊರದೇಶಕ್ಕೂ ತಲುಪಿತು. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿದವರು ಮರುದಿನ ಬೆಳಿಗ್ಗೆ ಸೇರಿ ಆ ನಾಟಕದ ಬಗ್ಗೆ ಮಾತಾಡುತ್ತಾರೆ. ಸರಿ ಕಂಡದ್ದು, ಕಾಣದ್ದು ಎಲ್ಲವೂ ಬರುತ್ತದೆ. ನಟರು, ನಿರ್ದೇಶಕರು ಎದುರೇ ಇರುತ್ತಾರೆ. ಸೆಮಿನಾರು ಮುಗಿದ ಮೇಲಿನ ಆ ಮೌನದ ಜಾಗಕ್ಕೆ ಇಂಥದೊಂದು ಹತ್ತು ನಿಮಿಷದ ಚರ್ಚೆ ಬಂದರೆ, ಮೂರು ವರ್ಷದಲ್ಲಿ ತರಗತಿಯ ಬಣ್ಣವೇ ಬದಲಾದೀತು. ಕಾಲೇಜಿಗೆ ಇದರಿಂದ ಒಂದು ರೂಪಾಯಿ ಖರ್ಚೂ ಇಲ್ಲ.

ಅಡಿಕೆ ಮಂಡಿಯ ಕಂಪ್ಯೂಟರು

ಕಂಪನಿ ದರ್ಶನ ಎಂದ ಕೂಡಲೇ ಎಲ್ಲರ ಮನಸ್ಸೂ ಬೆಂಗಳೂರಿನ ಬಸ್ಸು ಹತ್ತುತ್ತದೆ. ಆದರೆ ಸಾಗರದ ಕೃಷಿ ಉತ್ಪನ್ನ ಮಾರುಕಟ್ಟೆಯ ಅಂಗಳದಲ್ಲೇ ಕಂಪ್ಯೂಟರು ದಿನವೂ ದೊಡ್ಡ ವ್ಯವಹಾರ ನಡೆಸುತ್ತದೆ. ರಾಶಿ, ಬೆಟ್ಟೆ, ಗೊರಬಲು, ಚಾಲಿ, ಸಿಪ್ಪೆಗೋಟು ಎಂದು ಬಗೆಬಗೆಯ ಅಡಿಕೆ ಇಲ್ಲಿಗೆ ಬರುತ್ತದೆ. ಹಿಂದೆ ವರ್ತಕರು ಪ್ರತಿ ಲಾಟಿನ ಅಡಿಕೆಯನ್ನು ಕೈಯಲ್ಲಿ ಹಿಡಿದು, ಒಡೆದು ನೋಡಿ, ಚೀಟಿಯಲ್ಲಿ ಗುಟ್ಟಾಗಿ ದರ ಬರೆದು ಹಾಕುತ್ತಿದ್ದರು. ಹೆಚ್ಚು ಬರೆದವರಿಗೆ ಲಾಟು. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಆರಂಭವಾಗಿ, ಹಂತ ಹಂತವಾಗಿ ಮಾರುಕಟ್ಟೆಗಳು ಇ-ಟೆಂಡರಿಗೆ ಬಂದವು. ಕೇಂದ್ರ ಸರ್ಕಾರದ ಇ-ನಾಮ್ ಬಂದದ್ದು ಅದಾದ ಮೇಲೆ, 2016ರಲ್ಲಿ. ಅಂದರೆ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ್ದು ಕನ್ನಡ ನಾಡಿನ ಮಂಡಿಗಳೇ.

ವಿದ್ಯಾರ್ಥಿಯೊಬ್ಬ ಇಲ್ಲಿ ಒಂದು ಬೆಳಗು ಕಳೆದರೆ ಡೇಟಾಬೇಸ್ ಪಠ್ಯದ ಅರ್ಧ ಭಾಗ ಕಣ್ಣಿಗೆ ಕಾಣುತ್ತದೆ. ಒಬ್ಬ ರೈತನಿಗೆ ಹಲವು ಲಾಟು. ಒಂದು ಲಾಟಿಗೆ ಹಲವು ದರ. ಕೊನೆಗೆ ಒಂದೇ ಲಾಟಿಗೆ ಒಬ್ಬನೇ ಖರೀದಿದಾರ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವ ಸಂಬಂಧಗಳೆಲ್ಲ ಇಲ್ಲಿ ಚೀಲದ ರೂಪದಲ್ಲಿ ಬಿದ್ದಿರುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳೂ ಅಷ್ಟೇ ಗಟ್ಟಿ. ಇಬ್ಬರು ವರ್ತಕರು ಒಂದೇ ದರ ಹಾಕಿದರೆ ಲಾಟು ಯಾರಿಗೆ? ಟೆಂಡರ್ ಮುಚ್ಚುವ ಕೊನೆಯ ನಿಮಿಷದಲ್ಲಿ ನೆಟ್‌ವರ್ಕ್ ಹೋದರೆ? ಯಾರಾದರೂ ಕೈತಪ್ಪಿ ಒಂದು ಸೊನ್ನೆ ಹೆಚ್ಚು ಒತ್ತಿದರೆ? ಇವಕ್ಕೆ ಉತ್ತರ ಹುಡುಕಿದ ಹುಡುಗ ಮುಂದೆ ಯಾವ ಸಂದರ್ಶನದಲ್ಲೂ 'ಡೇಟಾಬೇಸ್ ಎಂದರೇನು?' ಎಂಬ ಪ್ರಶ್ನೆಗೆ ಹೆದರಬೇಕಾಗಿಲ್ಲ. ಅಪ್ಪನ ಅಡಿಕೆಗೆ ಆ ದಿನ ಯಾಕೆ ಆ ದರ ಸಿಕ್ಕಿತೆಂಬುದೂ ಅವನಿಗೆ ತಿಳಿಯುತ್ತದೆ.

ಮುಳುಗಡೆಯ ಸೀಮೆಯ ಲೆಕ್ಕ

ಸಾಗರದಿಂದ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಹೋಗುವ ದಾರಿ ಕಾಡು, ಗದ್ದೆಗಳ ನಡುವೆ ಹಾಯುತ್ತದೆ. ಹೊಸನಗರ ಚಿಕ್ಕ ಪೇಟೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು, ಹೈದರಾಲಿ 1763ರಲ್ಲಿ ಗೆದ್ದುಕೊಂಡ ಆ ನಗರ, ಇದೇ ತಾಲ್ಲೂಕಿನಲ್ಲಿದೆ. ಪೇಟೆಗೆ ರೈಲಿಲ್ಲ. ತಾಲ್ಲೂಕಿನ ಅಂಚಿನ ಅರಸಾಳಿನಲ್ಲಿ ಮಾತ್ರ ನಿಲ್ದಾಣವಿದೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಕ್ಯಾಮೆರಾ ಇಟ್ಟ ನಿಲ್ದಾಣಗಳಲ್ಲಿ ಅದೂ ಒಂದು. ಇಲ್ಲಿನ ವಿದ್ಯಾರ್ಥಿಗೆ ಬೆಂಗಳೂರು ಇನ್ನಷ್ಟು ದೂರ, ನೆಟ್‌ವರ್ಕ್ ಇನ್ನಷ್ಟು ದುಬಾರಿ. 2020ರ ಲಾಕ್‌ಡೌನ್ ದಿನಗಳಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದ್ದು, ಅಪ್ಪಂದಿರು ಅವರಿಗೆ ತಾಳೆಗರಿಯ ಮರೆ ಕಟ್ಟಿಕೊಟ್ಟದ್ದು ಯಾರಿಗೂ ಮರೆತಿಲ್ಲ.

ಆದರೆ ರಾಜ್ಯಕ್ಕೆ ಬೆಳಕು ಕೊಟ್ಟ ತಾಲ್ಲೂಕಿದು. ಲಿಂಗನಮಕ್ಕಿಯ ಹಿನ್ನೀರು ಇಲ್ಲಿಯವರೆಗೆ ಬಂದು ಊರುಗಳನ್ನು ಮುಳುಗಿಸಿತು. ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಹರಿಯುತ್ತದೆ. ಮಾಣಿ ಜಲಾಶಯದ ನೀರು ಘಟ್ಟದ ಕೆಳಗಿನ ವಾರಾಹಿ ವಿದ್ಯುದಾಗಾರಕ್ಕೆ ಹೋಗುತ್ತದೆ. ನೆಲದೊಳಗಿರುವ ಆ ವಿದ್ಯುದಾಗಾರದ ಸಾಮರ್ಥ್ಯ 460 ಮೆಗಾವಾಟ್. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿದ್ದು, ಒಟ್ಟು ಸಾಮರ್ಥ್ಯ 1035 ಮೆಗಾವಾಟ್.

ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದರೆ ಲಿಂಗನಮಕ್ಕಿಯ ನೀರಿನ ಮಟ್ಟ ಮೊದಲು ಕಣ್ಣಿಗೆ ಬೀಳುತ್ತದೆ. ಗರಿಷ್ಠ ಮಟ್ಟ 1819 ಅಡಿ. ಮುಳುಗಡೆಯ ಹಿರಿಯರಿಗೆ ಅದು ಬರೀ ಅಂಕಿಯಲ್ಲ, ತಮ್ಮ ಹಳೆಯ ಅಂಗಳದ ಮೇಲೆ ಎಷ್ಟು ನೀರು ನಿಂತಿದೆ ಎಂಬ ಲೆಕ್ಕ. ಗಣಕ ವಿದ್ಯಾರ್ಥಿಗೆ ಇದೇ ಅಂಕಿ ಒಂದು ಸೆಮಿನಾರಿನ ವಿಷಯ. ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 151 ಟಿಎಂಸಿ. ಬುಡದ ಒಂದು ಅಡಿಗೂ ಮೇಲಿನ ಒಂದು ಅಡಿಗೂ ವ್ಯತ್ಯಾಸವಿದೆ. ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ತುಂಬಿದಾಗ ನೀರು ಸುಮಾರು 300 ಚದರ ಕಿಲೋಮೀಟರ್ ಹರಡುತ್ತದೆ. ಆಗ ಒಂದು ಅಡಿ ಏರಿದರೆ ಮೂರು ಟಿಎಂಸಿಗೂ ಹೆಚ್ಚು ನೀರು ಸೇರಿದಂತೆ. 'ಅಡಿ ಏರಿತು' ಎನ್ನುವುದನ್ನು 'ಎಷ್ಟು ನೀರು ಬಂತು' ಎಂದು ಬದಲಿಸಲು ಕೋಷ್ಟಕ ಬೇಕು, ಕೋಷ್ಟಕದ ಎರಡು ಸಾಲುಗಳ ನಡುವಿನ ಬೆಲೆ ಕಂಡುಹಿಡಿಯುವ ಸೂತ್ರ ಬೇಕು, ಅದಕ್ಕೊಂದು ಪ್ರೋಗ್ರಾಂ ಬೇಕು. ಹತ್ತು ವರ್ಷದ ಹಳೆಯ ಪತ್ರಿಕೆಗಳ ಅಂಕಿಗಳನ್ನು ಗ್ರಂಥಾಲಯದಲ್ಲಿ ಕೂತು ಸೇರಿಸಿದರೆ, ಬೇರೆ ಯಾವ ಊರಿನ ವಿದ್ಯಾರ್ಥಿಯ ಬಳಿಯೂ ಇಲ್ಲದ ಪ್ರಾಜೆಕ್ಟ್ ಸಿದ್ಧವಾಯಿತು.

ಪ್ರಾಜೆಕ್ಟ್ ಎಂದಾಗ ಒಂದು ಕಹಿ ಮಾತನ್ನೂ ಹೇಳಬೇಕು. ಕೊನೆಯ ಸೆಮಿಸ್ಟರ್ ಬಂತೆಂದರೆ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ದೊಡ್ಡ ಪೇಟೆಗಳಲ್ಲಿ ಬಾಗಿಲು ತೆರೆದೇ ಇರುತ್ತವೆ. ಹಣ ಕೊಟ್ಟರೆ ಸಿ.ಡಿ., ಕಪ್ಪು ರಟ್ಟಿನ ವರದಿ ಎರಡೂ ಕೈಗೆ ಬರುತ್ತವೆ. ಗೆಳೆಯರೆಲ್ಲ ತೆಗೆದುಕೊಂಡರೆಂದು ಮಗ ಕೇಳುತ್ತಾನೆ. ಎಂತದೋ ಪುಸ್ತಕ ಇರಬೇಕೆಂದು ಅಪ್ಪಯ್ಯ ದುಡ್ಡು ಕಳಿಸುತ್ತಾರೆ. ವೈವಾಕ್ಕೆ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳುತ್ತಾರೆ: 'ಇದರಲ್ಲಿ ನೀನು ಮಾಡಿದ್ದು ಯಾವುದು?' ಆಗಿನ ಆ ಮೌನಕ್ಕೆ ಕಾರಣ ಇಂಗ್ಲಿಷ್ ಬಾರದ್ದಲ್ಲ. ಹೇಳಲು ತನ್ನದೆಂಬುದು ಏನೂ ಇಲ್ಲದ್ದು. ಸ್ವಂತ ಊರಿನ ನೀರಿನ ಲೆಕ್ಕ ಮಾಡಿದವನಿಗೆ ಈ ಪ್ರಶ್ನೆ ವರವಾಗುತ್ತದೆ.

ವಿದ್ಯುದಾಗಾರಗಳನ್ನು ನೋಡಲು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಬೇಕು. ಕಾಲೇಜಿನ ಪತ್ರದೊಂದಿಗೆ ಮುಂಚಿತವಾಗಿ ಕೇಳಬೇಕು. ಒಳಗೆ ಹೋಗಲು ಸಾಧ್ಯವಾದರೆ ನೋಡಬೇಕಾದದ್ದು ತಿರುಗುವ ಯಂತ್ರವನ್ನಷ್ಟೇ ಅಲ್ಲ, ನಿಯಂತ್ರಣ ಕೊಠಡಿಯನ್ನು ಕೂಡ. ದೇಶದ ವಿದ್ಯುತ್ ಜಾಲ ಸೆಕೆಂಡಿಗೆ 50 ಆವರ್ತನದ ಸುತ್ತಮುತ್ತಲೇ ಇರಬೇಕು. ಬೇಡಿಕೆ ಏರಿದರೆ ಅದು ಕುಸಿಯುತ್ತದೆ. ಕಲ್ಲಿದ್ದಲಿನ ಸ್ಥಾವರ ತಣ್ಣಗಿದ್ದರೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ನೀರಿನ ಯಂತ್ರ ಕೆಲವೇ ನಿಮಿಷಗಳಲ್ಲಿ ಓಡುತ್ತದೆ. ಅದಕ್ಕೇ ಸಂಜೆ ಎಲ್ಲರ ಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಶರಾವತಿಯ ನೆನಪಾಗುವುದು. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಸೂಚನೆ ಬರುವುದು, ಇಲ್ಲಿನ ಅಂಕಿ ಅಲ್ಲಿಗೆ ಹೋಗುವುದು ಎಲ್ಲವೂ ಕಂಪ್ಯೂಟರ್ ಜಾಲದ ಕೆಲಸ. ಇಲ್ಲಿ ಉತ್ತರ ಸರಿಯಿದ್ದರೆ ಸಾಲದು, ತಡವಾಗಲೂಬಾರದು. 'ರಿಯಲ್ ಟೈಮ್' ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿದೆ?

ತುಂಗೆಯ ದಡದಲ್ಲಿ ಇಂಗ್ಲಿಷಿನ ಭಯ

ಹೊಸನಗರದಿಂದ ಮುಂದೆ ತೀರ್ಥಹಳ್ಳಿ. ಶರಾವತಿಯ ಹುಟ್ಟೂರಿನ ತಾಲ್ಲೂಕಾದರೂ ಪೇಟೆಯನ್ನು ಆಳುವವಳು ತುಂಗೆ. ಕುಪ್ಪಳಿಯ ಕುವೆಂಪು, ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ, ಚಿತ್ರರಂಗದ ಗಿರೀಶ ಕಾಸರವಳ್ಳಿ ಎಲ್ಲರೂ ಈ ತಾಲ್ಲೂಕಿನವರು. ಇಂಥ ಕಡೆಯೂ ಸೆಮಿನಾರಿನ ದಿನ ಮಕ್ಕಳ ಬಾಯಿ ಕಟ್ಟುವುದು ಇಂಗ್ಲಿಷಿನಿಂದ.

ಕುವೆಂಪು ಅವರೂ ಮೊದಲು ಬರೆದದ್ದು ಇಂಗ್ಲಿಷಿನಲ್ಲೇ. 'ಬಿಗಿನರ್ಸ್ ಮ್ಯೂಸ್' ಎಂಬ ಕವನಗಳ ಪುಸ್ತಕ 1922ರಲ್ಲಿ ಬಂತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವನಗಳನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಅವರು ಹೇಳಿದ್ದು ಈಗ ಇತಿಹಾಸ. ಹಾಗೆಂದು ಕುವೆಂಪು ಇಂಗ್ಲಿಷ್ ಓದುವುದನ್ನು ಬಿಡಲಿಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಆಳವಾಗಿ ಓದಿದರು, ಬರವಣಿಗೆಗೆ ಕನ್ನಡವನ್ನು ಆರಿಸಿಕೊಂಡರು.

ಕಂಪನಿಗಳ ಕೆಲಸಕ್ಕೆ ಇಂಗ್ಲಿಷ್ ಬೇಕು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಅರ್ಥವಾಗದ ವಿಷಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವುದರಿಂದ ವಿಷಯವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಮೊದಲ ಸಲ ಮನೆಯಲ್ಲಿ ಅಮ್ಮನ ಎದುರು ಕನ್ನಡದಲ್ಲಿ ಹೇಳಿ ನೋಡಬೇಕು. ಅಮ್ಮ ಅಕ್ಕಿ ಆರಿಸುತ್ತ ಕೇಳಲಿ, ಅಡ್ಡಿಯಿಲ್ಲ. 'ಅದು ಎಂತಕ್ಕೆ ಹಾಗೆ?' ಎಂದು ಆಕೆ ಕೇಳಿದ ಜಾಗದಲ್ಲೇ ವಿವರಣೆಯ ತೂತು ಇರುತ್ತದೆ. ಆ ತೂತು ಮುಚ್ಚಿದ ಮೇಲೆ ಅದೇ ಮಾತನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಗೆಳತಿಯರ ಎದುರು ಹೇಳಬೇಕು. ಮೂರನೆಯ ಸಲ ತರಗತಿಯಲ್ಲಿ. ವ್ಯಾಕರಣ ಅಲ್ಲಲ್ಲಿ ತಪ್ಪಿದರೂ ಮಾತು ನಿಲ್ಲುವುದಿಲ್ಲ, ಏಕೆಂದರೆ ಹೇಳಬೇಕಾದದ್ದು ಆಗಲೇ ಗೊತ್ತಿದೆ.

ಕನ್ನಡವೇ ಕಂಪ್ಯೂಟರ್ ವಿಷಯವಾಗಬಹುದೆಂಬುದನ್ನೂ ಈ ಮಕ್ಕಳು ತಿಳಿಯಬೇಕು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಹೋರಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ಇಂದಿಗೂ ಅಸಂಖ್ಯ ಜನ ಕನ್ನಡ ಟೈಪಿಸುತ್ತಾರೆ. 'ಕ್' ಮತ್ತು 'ಷ' ಸೇರಿ 'ಕ್ಷ' ಆಗುವುದನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು ಹೇಗೆ? ಒಂದೊಂದೂ ಒಂದೊಂದು ಸೆಮಿನಾರು.

ತಾಲ್ಲೂಕಿನ ಪಶ್ಚಿಮ ತುದಿಯಲ್ಲಿ ಆಗುಂಬೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಹಿಂದೆ ಮಳೆ ಅಳೆಯುವವರು ದಿನಕ್ಕೊಮ್ಮೆ ಜಾಡಿಯ ನೀರನ್ನು ಅಳೆದು ಬರೆಯುತ್ತಿದ್ದರು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸೌರಶಕ್ತಿಯ ಮಳೆಮಾಪಕಗಳಿವೆ. ಅವು 15 ನಿಮಿಷಕ್ಕೊಮ್ಮೆ ಅಂಕಿಯನ್ನು ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಳಿಸುತ್ತವೆ. ಮನೆಯ ಹಿಂದೆ ಬಿದ್ದ ಮಳೆ ವಿದ್ಯಾರ್ಥಿಗಿಂತ ಮೊದಲು ರಾಜಧಾನಿ ತಲುಪಿರುತ್ತದೆ!

ರಾತ್ರಿ ಬಸ್ಸು, ಗಾಜಿನ ಕಟ್ಟಡ

ಬೆಂಗಳೂರಿನ ಕಂಪನಿ ದರ್ಶನವನ್ನು ಬಿಡಬೇಕೆಂದಲ್ಲ. ಅದಕ್ಕೆ ಹೊರಡುವ ರಾತ್ರಿಯ ಸಂಭ್ರಮವೇ ಬೇರೆ. ತಾಳಗುಪ್ಪದ ರೈಲು ಸಾಗರದವರಿಗೆ ಅನುಕೂಲ. ಉಳಿದವರಿಗೆ ರಾತ್ರಿ ಬಸ್ಸೇ ಗತಿ. ಅದಕ್ಕೂ ಮುಂಚೆ ಮನೆಯಲ್ಲಿ ಒಂದು ಸುತ್ತು ಮಾತುಕತೆ ನಡೆದಿರುತ್ತದೆ. ಹುಡುಗನಾದರೆ ಖರ್ಚಿನ ಪ್ರಶ್ನೆ. ಹುಡುಗಿಯಾದರೆ ಖರ್ಚಿನ ಜೊತೆಗೆ 'ಮೇಡಂ ಯಾರು ಬರ್ತಾರೆ, ಎಲ್ಲಿ ಉಳ್ಕೊಳ್ಳೋದು, ಹೋಗ್ಲೇಬೇಕಾ' ಎಂಬ ಪ್ರಶ್ನೆಗಳು. ಕೇಳುವುದು ತಪ್ಪಲ್ಲ. ಆದರೆ ಉತ್ತರ ಸರಿಯಾಗಿ ಸಿಕ್ಕ ಮೇಲೂ ಕಳಿಸದಿದ್ದರೆ, ಎರಡು ವರ್ಷದ ಮೇಲೆ ಅದೇ ನಗರಕ್ಕೆ ಕೆಲಸ ಹುಡುಕಿಕೊಂಡು ಹೋಗುವ ಮಗಳು ಎಲ್ಲವನ್ನೂ ಒಬ್ಬಳೇ ಹೊಸದಾಗಿ ಎದುರಿಸಬೇಕಾಗುತ್ತದೆ.

ಎಲೆಕ್ಟ್ರಾನಿಕ್ಸ್ ಸಿಟಿ ಇಂದು ಬೆಂಗಳೂರಿನ ಗುರುತು. 1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರು ಊರ ಹೊರಗಿನ 332 ಎಕರೆ ಜಾಗದಲ್ಲಿ ಇದನ್ನು ಕನಸಿದಾಗ ಅಲ್ಲಿದ್ದದ್ದು ಹೊಲಗಳು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಹೊಸತರಲ್ಲಿ ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರ ಪ್ರಸಿದ್ಧ. ಎತ್ತಿನ ಗಾಡಿಯಿಂದ ಆರಂಭವಾದ ಉದ್ಯಮಕ್ಕೆ ಮಲೆನಾಡಿನ ಮಕ್ಕಳು ಸಂಕೋಚಪಡಬೇಕಾದ್ದೇನೂ ಇಲ್ಲ.

ದರ್ಶನದ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ ತೆರನಾದದ್ದು. ಗೇಟಿನಲ್ಲಿ ಗುರುತಿನ ಚೀಟಿ, ಮೊಬೈಲ್ ಕ್ಯಾಮೆರಾಕ್ಕೆ ಸ್ಟಿಕರು, ತಂಪು ಸಭಾಂಗಣ, ಮಾನವ ಸಂಪನ್ಮೂಲ ವಿಭಾಗದವರ ಚಂದದ ಸ್ಲೈಡುಗಳು, ಕ್ಯಾಂಟೀನಿನ ಊಟ. ಕೆಲಸ ನಡೆಯುವ ಕೋಣೆಗಳನ್ನು ಗಾಜಿನಾಚೆಯಿಂದ ನೋಡುವುದು. ಗಿರಾಕಿಗಳ ಮಾಹಿತಿ ಅಲ್ಲಿರುವುದರಿಂದ ಒಳಗೆ ಬಿಡದಿರುವುದು ಸಹಜವೇ. 'ಎನಿ ಕ್ವೆಶ್ಚನ್ಸ್?' ಎಂದಾಗ ಐವತ್ತು ತಲೆಗಳು ಕೆಳಗೆ ನೋಡುತ್ತವೆ. ಹೊರಬಂದು ಫೋಟೊ. ವರದಿಗೆ ಕಂಪನಿಯ ವೆಬ್‌ಸೈಟಿನ ನಾಲ್ಕು ಪ್ಯಾರಾ.

ಇಲ್ಲೂ ತಾಳಮದ್ದಲೆಯ ನಿಯಮವೇ ಕೆಲಸಕ್ಕೆ ಬರುತ್ತದೆ: ಎದುರಾಳಿಯ ಪ್ರಸಂಗ ಓದಿಕೊಳ್ಳದೆ ಕೂರಬಾರದು. ಹೊರಡುವ ಹಿಂದಿನ ವಾರ ತರಗತಿಯಲ್ಲಿ ಕೂತು ಹತ್ತು ಪ್ರಶ್ನೆ ಬರೆದುಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳಲ್ಲಿ ಹೊಸಬರು ಏನು ಮಾಡುತ್ತಾರೆ? ಬರೆದ ಪ್ರೋಗ್ರಾಂ ಗಿರಾಕಿಗೆ ಹೋಗುವ ಮೊದಲು ಎಷ್ಟು ಜನ ಪರೀಕ್ಷಿಸುತ್ತಾರೆ? ನಡುರಾತ್ರಿ ಕೆಟ್ಟರೆ ಫೋನು ಯಾರಿಗೆ ಬರುತ್ತದೆ? ಇಲ್ಲಿ ಬಿಸಿಎ ಓದಿದವರು ಯಾರಾದರೂ ಇದ್ದಾರೆಯೇ, ಅವರೊಡನೆ ಹತ್ತು ನಿಮಿಷ ಮಾತಾಡಬಹುದೇ? ಯಂತ್ರಗಳೇ ಪ್ರೋಗ್ರಾಂ ಬರೆಯತೊಡಗಿದ ಈ ದಿನಗಳಲ್ಲಿ ಹೊಸಬರಿಂದ ಏನನ್ನು ನಿರೀಕ್ಷಿಸುತ್ತೀರಿ? ಕೊನೆಯ ಪ್ರಶ್ನೆ ಮಕ್ಕಳಿಗಿಂತ ತಂದೆತಾಯಿಯರದ್ದು. ಅವರೇ ಬರೆದು ಕಳಿಸಲಿ.

ಕಂಪನಿ ನೋಡಿದ ದಿನವೇ ಯಲಹಂಕದ ಮಳೆಕೇಂದ್ರಕ್ಕೋ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೋ ಅನುಮತಿ ಕೇಳಿ ಹೋದರೆ ಮನರಂಜನಾ ಉದ್ಯಾನದ ಟಿಕೆಟಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚಿನದು ದೊರೆತೀತು. ತಮ್ಮ ಪಂಚಾಯಿತಿಯ ಮಳೆ ಪರದೆಯ ಮೇಲೆ ಮೂಡುವುದನ್ನು ನೋಡಿದ ಹುಡುಗಿಗೆ ಗಣಕ ವಿಜ್ಞಾನ ದೂರದ ವಿದ್ಯೆಯಾಗಿ ಕಾಣುವುದಿಲ್ಲ.

ಇನ್ನೊಂದು ದಾರಿಯೂ ಇದೆ. 2020ರ ನಂತರ ಎಷ್ಟೋ ಎಂಜಿನಿಯರುಗಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು ಜಗಲಿಯಲ್ಲಿ ಕೂತು ಕೆಲಸ ಮಾಡಿದರು. ಕೆಲವರು ಉಳಿದರು, ಹಲವರು ಹಬ್ಬಹರಿದಿನಕ್ಕೆ ಬರುತ್ತಿರುತ್ತಾರೆ. ಅಂಥ ಅಣ್ಣನನ್ನೋ ಅಕ್ಕನನ್ನೋ ಕಾಲೇಜಿಗೆ ಕರೆದು ಒಂದು ಗಂಟೆ ಕೂರಿಸಿಕೊಂಡರೆ, ಗಾಜಿನ ಕಟ್ಟಡದ ಸಭಾಂಗಣದಲ್ಲಿ ಕೇಳಲಾಗದ್ದನ್ನೆಲ್ಲ ಕನ್ನಡದಲ್ಲೇ ಕೇಳಬಹುದು. ಮೊದಲ ಸಂದರ್ಶನದಲ್ಲಿ ಏನು ಕೇಳಿದರು, ಎಷ್ಟು ಸಲ ಸೋತರು, ಇಂಗ್ಲಿಷಿಗೆ ಏನು ಮಾಡಿದರು ಎಂಬುದನ್ನು ಅವರು ಮುಚ್ಚಿಡದೆ ಹೇಳುತ್ತಾರೆ.

ತಂದೆತಾಯಿಯರು ಮಕ್ಕಳ ಅಂಕಪಟ್ಟಿಯನ್ನು ತಪ್ಪದೆ ನೋಡುತ್ತಾರೆ. ಅದರ ಜೊತೆಗೆ ಸೆಮಿಸ್ಟರಿಗೊಮ್ಮೆ ಇನ್ನೆರಡು ಮಾತು ಕೇಳುವುದು ಒಳ್ಳೆಯದು: 'ಈ ಸಲ ಯಾವುದರ ಬಗ್ಗೆ ಮಾತಾಡಿದೆ? ಯಾರು ಏನು ಪ್ರಶ್ನೆ ಕೇಳಿದರು?' ಉತ್ತರ ಹೇಳಲು ಮಗ ಅಥವಾ ಮಗಳು ಊಟದ ಮಣೆಯ ಮೇಲೆ ಐದು ನಿಮಿಷ ಹೆಚ್ಚು ಕೂತರೆ, ಕಟ್ಟಿದ ಫೀಸು ವ್ಯರ್ಥವಾಗಿಲ್ಲವೆಂದು ತಿಳಿಯಬಹುದು.